ರಾತ್ರಿ ಇಳಿಯದ ರಕ್ತದೊತ್ತಡ: ಉಪ್ಪು ತಿನ್ನುವ ಹೊತ್ತಿನ ಕುರಿತು ಒಂದು ಪ್ರಕರಣ ಅಧ್ಯಯನ

ಮುಂದೆ ವಿವರಿಸಿರುವುದು ಒಬ್ಬ ನಿರ್ದಿಷ್ಟ ರೋಗಿಯ ಕಡತದ ನಕಲಲ್ಲ. ಅಧಿಕ ರಕ್ತದೊತ್ತಡದ ಚಿಕಿತ್ಸೆಯಲ್ಲಿ ಎದುರಾಗಬಹುದಾದ ಒಂದು ಸನ್ನಿವೇಶವನ್ನು ಅಧ್ಯಯನಕ್ಕೆಂದು ಕಟ್ಟಿಕೊಟ್ಟ ಮಾದರಿ ಪ್ರಕರಣವಿದು. ರೋಗಿಗೆ ಸಂಬಂಧಿಸಿದ ಅಂಕಿಗಳನ್ನು ವಿವರಣೆಗಾಗಿ ರೂಪಿಸಲಾಗಿದೆ. ಮಾನದಂಡಗಳು ಮತ್ತು ಸಂಶೋಧನೆಗಳ ಫಲಿತಾಂಶಗಳು ಮಾತ್ರ ಪ್ರಕಟಿತ ಮೂಲಗಳಿಗೆ ಸೇರಿದವು. ದಿನಕ್ಕೆ ಎಷ್ಟು ಉಪ್ಪು ಎಂಬ ಹಳೆಯ ಪ್ರಶ್ನೆಯ ಪಕ್ಕದಲ್ಲಿ ಯಾವ ಹೊತ್ತಿಗೆ ಎಂಬ ಪ್ರಶ್ನೆಗೂ ಸ್ಥಳವಿದೆಯೇ, ಇದ್ದರೆ ಎಷ್ಟು ಎಂಬುದನ್ನು ಈ ಪ್ರಕರಣದ ಮೂಲಕ ನೋಡಬಹುದು.

ರೋಗಿ ಮತ್ತು ದೂರು

ರೋಗಿಗೆ 54 ವರ್ಷ. ಹೆಚ್ಚು ಹೊತ್ತು ಕುಳಿತೇ ಮಾಡುವ ಕೆಲಸ. ಆರು ವರ್ಷಗಳಿಂದ ಅಧಿಕ ರಕ್ತದೊತ್ತಡವಿದ್ದು, ದಿನವೂ ಬೆಳಿಗ್ಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ ಮತ್ತು ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಸೇವಿಸುತ್ತಿದ್ದರು. ಮಧುಮೇಹವಿಲ್ಲ, ಧೂಮಪಾನವಿಲ್ಲ. ಚಿಕಿತ್ಸಾಲಯದಲ್ಲಿ ನೋಡಿದಾಗಲೆಲ್ಲ ಒತ್ತಡ 132/82ರ ಆಸುಪಾಸಿನಲ್ಲಿರುತ್ತಿತ್ತು. ಆ ಕಾರಣಕ್ಕೆ ಎರಡು ವರ್ಷಗಳಿಂದ ಔಷಧಿಯಲ್ಲಿ ಬದಲಾವಣೆಯೂ ಆಗಿರಲಿಲ್ಲ.

ಅವರು ಬಂದದ್ದು ಒತ್ತಡದ ದೂರು ಹೊತ್ತುಕೊಂಡಲ್ಲ, ನಿದ್ದೆಯ ದೂರು ಹೊತ್ತುಕೊಂಡು. ರಾತ್ರಿ ಎರಡು ಮೂರು ಬಾರಿ ಮೂತ್ರಕ್ಕೆ ಏಳಬೇಕಾಗುತ್ತಿತ್ತು, ಪ್ರತಿ ಬಾರಿಯೂ ಮೂತ್ರ ಸಾಕಷ್ಟು ಪ್ರಮಾಣದಲ್ಲಿ ಹೋಗುತ್ತಿತ್ತು. ಪ್ರಾಸ್ಟೇಟ್ ಗ್ರಂಥಿಯ ತೊಂದರೆಯಿರಬೇಕೆಂದು ಅವರೇ ಊಹಿಸಿದ್ದರು. ಆದರೆ ಪ್ರಾಸ್ಟೇಟ್ ದೊಡ್ಡದಾದಾಗ ಸಾಮಾನ್ಯವಾಗಿ ಮೂತ್ರ ಆಗಾಗ, ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಇಲ್ಲಿ ಹಾಗಿರಲಿಲ್ಲ. ಮೂತ್ರಕೋಶಕ್ಕೆ ಹಿಡಿದಿಡಲಾಗದೆ ಅಲ್ಲ, ಮೂತ್ರಪಿಂಡವೇ ರಾತ್ರಿಯಲ್ಲಿ ಹೆಚ್ಚು ಮೂತ್ರ ತಯಾರಿಸುತ್ತಿದೆ ಎಂಬ ಅನುಮಾನಕ್ಕೆ ಈ ಒಂದು ವಿವರವೇ ಸಾಕಾಗಿತ್ತು. ಜೊತೆಗೆ, ಮನೆಯಲ್ಲಿ ಎದ್ದ ಕೂಡಲೇ, ಮಾತ್ರೆ ನುಂಗುವ ಮೊದಲು ಅಳೆದ ಒತ್ತಡಗಳ ಪಟ್ಟಿಯನ್ನು ಅವರು ತಂದಿದ್ದರು. ಅದರ ಸರಾಸರಿ 146/88 ಇತ್ತು.

24 ಗಂಟೆಗಳ ದಾಖಲೆ

ತೋಳಿಗೆ ಕಟ್ಟಿದ ಯಂತ್ರ ಹಗಲಿನಲ್ಲಿ 20 ನಿಮಿಷಕ್ಕೊಮ್ಮೆ, ರಾತ್ರಿಯಲ್ಲಿ 30 ನಿಮಿಷಕ್ಕೊಮ್ಮೆ ತಾನೇ ಒತ್ತಡ ದಾಖಲಿಸುವ ಪರೀಕ್ಷೆಯನ್ನು ಮಾಡಿಸಲಾಯಿತು. ಹಗಲಿನ ಸರಾಸರಿ 131/81, ನಿದ್ದೆಯ ಅವಧಿಯ ಸರಾಸರಿ 129/76, ಇಡೀ ದಿನದ ಸರಾಸರಿ 130/79 ಎಂದು ಬಂತು.

ಈ ಅಂಕಿಗಳನ್ನು ಓದುವ ಕ್ರಮದಲ್ಲೇ ಪ್ರಕರಣದ ತಿರುಳಿದೆ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ಒತ್ತಡ ಹಗಲಿಗಿಂತ 10ರಿಂದ 20 ಪ್ರತಿಶತ ಇಳಿಯುತ್ತದೆ. ಹಾಗೆ ಇಳಿಯುವವರನ್ನು ವೈದ್ಯರು ‘ಡಿಪ್ಪರ್’ ಎಂದೂ, 10 ಪ್ರತಿಶತದಷ್ಟೂ ಇಳಿಯದವರನ್ನು ‘ನಾನ್-ಡಿಪ್ಪರ್’ ಎಂದೂ ಕರೆಯುತ್ತಾರೆ. ಈ ವಿಂಗಡಣೆ 1988ರಿಂದ ಬಳಕೆಯಲ್ಲಿದೆ. ನಮ್ಮ ರೋಗಿಯ ಇಳಿತ 1.5 ಪ್ರತಿಶತ, ಎಂದರೆ ಇಳಿದೇ ಇಲ್ಲ. ಯುರೋಪಿನ ಮಾರ್ಗಸೂಚಿಗಳ ಪ್ರಕಾರ ಈ ಪರೀಕ್ಷೆಯಲ್ಲಿ ಹಗಲಿನ ಸರಾಸರಿ 135/85, ರಾತ್ರಿಯ ಸರಾಸರಿ 120/70 ಮುಟ್ಟಿದರೆ ಅದು ಅಧಿಕ ಒತ್ತಡ. ಹಗಲಿನ ಮಿತಿಯೊಳಗಿದ್ದ ಈ ವ್ಯಕ್ತಿ ರಾತ್ರಿಯ ಮಿತಿಯನ್ನು ಸ್ಪಷ್ಟವಾಗಿ ದಾಟಿದ್ದರು. ಹಗಲು ಹೊತ್ತಿನ ಚಿಕಿತ್ಸಾಲಯಕ್ಕೆ ಇದು ಕಾಣಿಸದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಅಂದಾಜಿಸಲು ಚಿಕಿತ್ಸಾಲಯದ ಒತ್ತಡಕ್ಕಿಂತ ರಾತ್ರಿಯ ಒತ್ತಡವೇ ಹೆಚ್ಚು ವಿಶ್ವಾಸಾರ್ಹ ಎಂಬುದು ಹಲವು ದೀರ್ಘಕಾಲದ ಅಧ್ಯಯನಗಳಲ್ಲಿ ಕಂಡುಬಂದಿರುವುದರಿಂದ ಇದನ್ನು ಕಡೆಗಣಿಸುವಂತಿರಲಿಲ್ಲ.

ಬೇರೆ ಕಾರಣಗಳ ಶೋಧ

ರಾತ್ರಿ ಒತ್ತಡ ಇಳಿಯದಿರಲು ಉಪ್ಪೊಂದೇ ಕಾರಣವಲ್ಲ. ಮೊದಲು ನೋಡಬೇಕಾದದ್ದೂ ಅದಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಮೂತ್ರಪಿಂಡದ ಕಾಯಿಲೆ, ಆಲ್ಡೋಸ್ಟೆರಾನ್ ಹಾರ್ಮೋನಿನ ಅತಿಸ್ರಾವ, ಮಧುಮೇಹದಿಂದ ನರಗಳಿಗಾದ ಹಾನಿ, ಐಬುಪ್ರೊಫೆನ್ ಬಗೆಯ ನೋವು ನಿವಾರಕಗಳು, ಇವೆಲ್ಲವೂ ಇದನ್ನೇ ಮಾಡಬಲ್ಲವು. ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ ನಾಲ್ಕು ಬಾರಿ ಮಾತ್ರ ಉಸಿರಾಟಕ್ಕೆ ಅಡ್ಡಿಯಾಗಿತ್ತು. ಐದಕ್ಕಿಂತ ಕಡಿಮೆಯಿದ್ದರೆ ಅದು ಸಹಜ. ಮೂತ್ರಪಿಂಡದ ಶೋಧನಾ ದರ 84 ಇತ್ತು, ಮೂತ್ರದಲ್ಲಿ ಆಲ್ಬುಮಿನ್ ಇರಲಿಲ್ಲ, ರಕ್ತದ ಪೊಟ್ಯಾಸಿಯಂ 4.2 ಇತ್ತು. ಆಮ್ಲೋಡಿಪಿನ್ ಕೆಲವರಲ್ಲಿ ಕಾಲು ಊದಿಸುತ್ತದೆ. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ರಾತ್ರಿಯ ಮೂತ್ರವಾಗುತ್ತದೆ. ಆದರೆ ಸಂಜೆ ಪರೀಕ್ಷಿಸಿದಾಗಲೂ ಇವರ ಕಣಕಾಲಿನಲ್ಲಿ ಊತ ಕಾಣಲಿಲ್ಲ.

ಒಂದು ಸುಳಿವು ಮಾತ್ರ ಸಿಕ್ಕಿತು. ಮೂತ್ರಪಿಂಡದಿಂದ ಹೊರಟು ಆಲ್ಡೋಸ್ಟೆರಾನ್ ಸ್ರಾವಕ್ಕೆ ಚಾಲನೆ ಕೊಡುವ ರೆನಿನ್ ಕಡಿಮೆಯಿತ್ತು, ಸೋಡಿಯಂ ಹಿಡಿದಿಡುವ ಆಲ್ಡೋಸ್ಟೆರಾನ್ ಕೂಡ ಕಡಿಮೆಯಿತ್ತು. ಟೆಲ್ಮಿಸಾರ್ಟಾನ್ ಸೇವಿಸುವವರಲ್ಲಿ ರೆನಿನ್ ಏರಿರಬೇಕು. ಏರದೆ ಅದುಮಿಕೊಂಡಿದೆ, ಆಲ್ಡೋಸ್ಟೆರಾನ್ ಕೂಡ ತಗ್ಗಿದೆ ಎಂದರೆ, ದೇಹದಲ್ಲಿ ಸೋಡಿಯಂ ಮತ್ತು ನೀರು ಅಗತ್ಯಕ್ಕಿಂತ ಹೆಚ್ಚಿವೆ, ಅದನ್ನು ಹಿಡಿದಿಡುವ ಹಾರ್ಮೋನುಗಳು ಆಗಲೇ ಕೈಕಟ್ಟಿ ಕುಳಿತಿವೆ ಎಂದು ಓದಿಕೊಳ್ಳಬೇಕಾಗುತ್ತದೆ.

‘ನಾನು ಉಪ್ಪು ಬಿಟ್ಟಿದ್ದೇನೆ, ಊಟಕ್ಕೆ ಕುಳಿತ ಮೇಲೆ ಮತ್ತೆ ಉಪ್ಪು ಹಾಕಿಕೊಳ್ಳುವುದೇ ಇಲ್ಲ’ ಎಂದು ರೋಗಿ ಹೇಳಿದರು. ಅದು ಸುಳ್ಳಾಗಿರಲಿಲ್ಲ, ಅಡುಗೆಯಲ್ಲಿ ಮತ್ತು ಸಂಸ್ಕರಿತ ಆಹಾರದಲ್ಲಿ ಸೇರಿಹೋಗಿರುವ ಉಪ್ಪು ಆ ಲೆಕ್ಕಕ್ಕೆ ಬಂದಿರಲಿಲ್ಲ, ಅಷ್ಟೆ.

ಮೂತ್ರವನ್ನು ಎರಡು ಪಾಲು ಮಾಡಿದ್ದು

ತಿಂದ ಸೋಡಿಯಂನಲ್ಲಿ ಸುಮಾರು 90 ಪ್ರತಿಶತ ಮೂತ್ರದಲ್ಲಿ ಹೊರಹೋಗುವುದರಿಂದ, 24 ಗಂಟೆಗಳ ಮೂತ್ರ ಸಂಗ್ರಹವೇ ಉಪ್ಪಿನ ಸೇವನೆಯನ್ನು ಅಳೆಯುವ ಒಪ್ಪಿತ ವಿಧಾನ. ಆದರೆ ಒಂದು ದಿನದ ಸಂಗ್ರಹವನ್ನು ನಂಬಿ ಕೂರುವುದು ಸರಿಯಲ್ಲ. ಮಂಗಳಗ್ರಹ ಯಾನದ ಅಣಕು ಪ್ರಯೋಗಕ್ಕೆಂದು ತಿಂಗಳುಗಟ್ಟಲೆ ಮುಚ್ಚಿದ ಕೋಣೆಗಳಲ್ಲಿ ಉಳಿದವರಿಗೆ ಅಳೆದು ತೂಗಿ ಒಂದೇ ಪ್ರಮಾಣದ ಉಪ್ಪು ಕೊಟ್ಟಾಗಲೂ ಅವರು ಹೊರಹಾಕುವ ಸೋಡಿಯಂ ದಿನದಿಂದ ದಿನಕ್ಕೆ ಏರಿಳಿಯುತ್ತಿತ್ತು, ಆ ಏರಿಳಿತಕ್ಕೆ ವಾರದಷ್ಟು ಉದ್ದದ ಲಯವೂ ಇತ್ತು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೀಗಾಗಿ ಇಲ್ಲಿ ಪ್ರತಿ ಹಂತದಲ್ಲೂ ಬಿಡಿ ಬಿಡಿಯಾದ ಮೂರು ದಿನಗಳ ಮೂತ್ರ ಸಂಗ್ರಹಿಸಿ ಸರಾಸರಿ ತೆಗೆಯಲಾಯಿತು. ಇದಕ್ಕಿಂತ ಮುಖ್ಯವಾದ ವಿಷಯವೆಂದರೆ ಸಂಗ್ರಹವನ್ನು ಎರಡು ಪಾತ್ರೆಗಳಲ್ಲಿ ಮಾಡಿದ್ದು: ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನದು ಒಂದರಲ್ಲಿ, ರಾತ್ರಿ 10ರಿಂದ ಬೆಳಿಗ್ಗೆ ಎದ್ದೊಡನೆ ಹೋಗುವ ಮೂತ್ರವೂ ಸೇರಿದಂತೆ ಉಳಿದದ್ದು ಇನ್ನೊಂದರಲ್ಲಿ. ಹೆಚ್ಚುವರಿ ಖರ್ಚಿಲ್ಲದ ಈ ಸಣ್ಣ ಏರ್ಪಾಡು ವಾಡಿಕೆಯ ಚಿಕಿತ್ಸೆಯಲ್ಲಿ ಬಹಳ ಕಡಿಮೆ ಬಳಕೆಯಾಗುತ್ತದೆ ಎಂಬುದು ಈ ಲೇಖಕನ ಅಸಮಾಧಾನ.

ಒಟ್ಟು ಸೋಡಿಯಂ 176 ಮಿಲಿಮೋಲ್, ಅಂದರೆ ಸುಮಾರು 10.3 ಗ್ರಾಂ ಉಪ್ಪು. ಮೂತ್ರಕ್ಕೆ ಸೇರದ ಪಾಲನ್ನೂ ಸೇರಿಸಿದರೆ ಸೇವನೆ 11 ಗ್ರಾಮಿಗೂ ತುಸು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಈ 176ರಲ್ಲಿ 81 ಮಿಲಿಮೋಲ್, ಎಂದರೆ 46 ಪ್ರತಿಶತ, ರಾತ್ರಿಯ ಎಂಟೇ ಗಂಟೆಗಳಲ್ಲಿ ಹೊರಬಂದಿತ್ತು. ಗಂಟೆಯ ಲೆಕ್ಕದಲ್ಲಿ ಹಗಲಿನ ದರ ಸುಮಾರು 6 ಮಿಲಿಮೋಲ್ ಆದರೆ ರಾತ್ರಿಯದು 10. ಆರೋಗ್ಯವಂತರಲ್ಲಿ ಈ ಸಂಬಂಧ ತಿರುವುಮುರುವಾಗಿರುತ್ತದೆ: ಹಗಲಿನಲ್ಲಿ ಹೆಚ್ಚು, ರಾತ್ರಿಯಲ್ಲಿ ಕಡಿಮೆ.

ಮೂತ್ರಪಿಂಡದ ಗಡಿಯಾರ

ಹಗಲಿನಲ್ಲಿ ಹೆಚ್ಚು ಹೊರಹಾಕಿ ರಾತ್ರಿ ಹಿಡಿದಿಡುವುದು ಕೇವಲ ಹಗಲಿನಲ್ಲಿ ತಿನ್ನುವುದರ ಪರಿಣಾಮವಲ್ಲ. ಮೂತ್ರಪಿಂಡದ ಜೀವಕೋಶಗಳಲ್ಲಿ ತಮ್ಮದೇ ಜೈವಿಕ ಗಡಿಯಾರವಿದೆ. ಆ ಗಡಿಯಾರದ ಭಾಗವಾದ ‘ಪರ್1’ ಎಂಬ ವಂಶವಾಹಿ, ಸೋಡಿಯಂ ಅನ್ನು ಮರಳಿ ಹೀರುವ, ಜೀವಕೋಶದ ಪೊರೆಯಲ್ಲಿರುವ ಒಂದು ಮುಖ್ಯ ಪ್ರೋಟೀನ್ ನಾಳದ ತಯಾರಿಕೆಯನ್ನು ನಿಯಂತ್ರಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಸೋಡಿಯಂ ಹಿಡಿದಿಡಲು ಹೇಳುವ ಆಲ್ಡೋಸ್ಟೆರಾನ್ ನಸುಕಿನ ಹೊತ್ತಿಗೆ ಏರಿರುತ್ತದೆ, ಸಂಜೆಯ ಹೊತ್ತಿಗೆ ತಗ್ಗಿರುತ್ತದೆ. ಹೀಗಾಗಿ ತಡರಾತ್ರಿ ಒಳಹೋದ ಉಪ್ಪಿಗೆ ಸಿಗುವುದು, ಹೊರಹಾಕುವ ಕೆಲಸವನ್ನು ನಿಧಾನಗೊಳಿಸಿಕೊಂಡಿರುವ ಮೂತ್ರಪಿಂಡ.

ಆದರೂ ಬಂದ ಸೋಡಿಯಂ ಹೊರಹೋಗಲೇಬೇಕು. ಅದಕ್ಕಿರುವ ಕೊನೆಯ ಉಪಾಯ ಒತ್ತಡ. ರಕ್ತದೊತ್ತಡ ಏರಿದಷ್ಟೂ ಮೂತ್ರಪಿಂಡದಿಂದ ಹೆಚ್ಚು ಸೋಡಿಯಂ ಹೊರಬೀಳುತ್ತದೆ ಎಂಬ ಸಂಬಂಧವನ್ನು ಆರ್ಥರ್ ಗೈಟನ್ ಅವರ ಸಂಶೋಧನೆ ಅಧಿಕ ರಕ್ತದೊತ್ತಡದ ವಿವರಣೆಯ ಕೇಂದ್ರಕ್ಕೆ ತಂದಿತು. ಹಗಲಿನಲ್ಲಿ ತೀರದೆ ಉಳಿದ ಸೋಡಿಯಂನ ಬಾಕಿಯನ್ನು ತೀರಿಸಲು ರಾತ್ರಿಯೂ ಒತ್ತಡ ಮೇಲೆಯೇ ಇರಬೇಕಾಗುತ್ತದೆ. ಇಳಿದರೆ ಬಾಕಿ ತೀರುವುದಿಲ್ಲ. ಹೀಗೆ ನೋಡಿದಾಗ ರೋಗಿಯ ರಾತ್ರಿಯ ಒತ್ತಡ ಮತ್ತು ರಾತ್ರಿಯ ಮೂತ್ರ ಎರಡು ಬೇರೆ ಬೇರೆ ದೂರುಗಳಲ್ಲ.

ಈ ವಿವರಣೆಗೆ ಆಧಾರವಾಗಿ 1997ರ ಜಪಾನಿನ ಅಧ್ಯಯನವೊಂದಿದೆ. ನಾನ್-ಡಿಪ್ಪರ್ ಆಗಿದ್ದ ರೋಗಿಗಳ ಉಪ್ಪನ್ನು ಕಟ್ಟುನಿಟ್ಟಾಗಿ ಇಳಿಸಿದಾಗ ಅವರ ರಾತ್ರಿಯ ಒತ್ತಡ ಹಗಲಿನದಕ್ಕಿಂತ ಹೆಚ್ಚಾಗಿ ಇಳಿದು, ಲಯವೇ ಡಿಪ್ಪರ್ ಕಡೆಗೆ ಸರಿಯಿತು. ಎರಡು ವರ್ಷಗಳ ನಂತರ ಅದೇ ತಂಡ ಮೂತ್ರವರ್ಧಕ ಔಷಧಿಯಿಂದಲೂ ಅದೇ ಪರಿಣಾಮವನ್ನು ತೋರಿಸಿತು. ಇವೆರಡೂ ಉಪ್ಪಿನ ಪ್ರಮಾಣದ ಪ್ರಯೋಗಗಳು, ಹೊತ್ತಿನವಲ್ಲ ಎಂಬುದನ್ನು ಮರೆಯಬಾರದು. ಹೊತ್ತನ್ನೇ ನೇರವಾಗಿ ಮುಟ್ಟುವ ಪುರಾವೆಯಲ್ಲಿ ಹೆಚ್ಚಿನದು ಇಲಿಗಳ ಮೇಲಿನ ಕೆಲಸ. ಸೋಡಿಯಂ ಹೊರಹಾಕಲು ಮೂತ್ರಪಿಂಡಕ್ಕೆ ನೆರವಾಗುವ ಎಂಡೋಥೆಲಿನ್-ಬಿ ಗ್ರಾಹಕವಿಲ್ಲದ ಗಂಡು ಇಲಿಗಳು, ಉಪ್ಪು ಕೊಟ್ಟ ಹೊತ್ತು ಬದಲಾದಂತೆ ಅದನ್ನು ಹೊರಹಾಕುವ ವೇಗದಲ್ಲಿಯೂ ಬದಲಾದವು ಎಂದು 2016ರ ಪ್ರಯೋಗ ಹೇಳುತ್ತದೆ. ಇಲಿಗಳು ರಾತ್ರಿ ಎಚ್ಚರವಿರುವ ಪ್ರಾಣಿಗಳಾದ್ದರಿಂದ ಅಲ್ಲಿನ ಹಗಲು ನಮ್ಮ ರಾತ್ರಿ ಎಂದು ತಿರುಗಿಸಿ ಓದಬೇಕು. ಅಷ್ಟು ತಿರುಗಿಸಿದ ಮೇಲೂ ಅದು ಮನುಷ್ಯನ ಮೂತ್ರಪಿಂಡವಾಗುವುದಿಲ್ಲ.

ಮೊದಲ ಹಂತ: ಹೊತ್ತು ಮಾತ್ರ ಬದಲು

ರೋಗಿ ಐದು ದಿನಗಳ ಆಹಾರದ ದಿನಚರಿ ಬರೆದುಕೊಟ್ಟರು. ಅದರ ಪ್ರಕಾರ ಬೆಳಗಿನ ಆಹಾರದಲ್ಲಿ ಸುಮಾರು 1 ಗ್ರಾಂ, ಮಧ್ಯಾಹ್ನ 3 ಗ್ರಾಂ, ರಾತ್ರಿ ಒಂಬತ್ತೂವರೆಯ ಊಟದಲ್ಲಿ 5 ಗ್ರಾಂ, ಒಟ್ಟು 9 ಗ್ರಾಂ ಉಪ್ಪು. ಮೂತ್ರ ಹೇಳಿದ್ದು 11. ಎರಡು ಗ್ರಾಮಿನ ಈ ಅಂತರವನ್ನು ಚಿಕಿತ್ಸಕರು ‘ದಿನಚರಿ ಬರೆಯುವವರೆಲ್ಲ ಸ್ವಲ್ಪ ಕಡಿಮೆಯೇ ಬರೆಯುತ್ತಾರೆ’ ಎಂಬ ಸಾಮಾನ್ಯ ತಿಳಿವಳಿಕೆಗೆ ಒಪ್ಪಿಸಿ ಸುಮ್ಮನಾದರು. ತಿಳಿವಳಿಕೆ ನಿಜವೇ, ಆದರೆ ಇಲ್ಲಿ ಅದು ತಪ್ಪು ಉತ್ತರವಾಗಿತ್ತು.

ಒಟ್ಟು ಪ್ರಮಾಣವನ್ನು ಕೂಡಲೇ ಇಳಿಸಿದ್ದರೆ ಹೊತ್ತಿನ ಪಾತ್ರ ಎಷ್ಟೆಂಬುದು ಎಂದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ನಾಲ್ಕು ವಾರಗಳ ಮಟ್ಟಿಗೆ ಮಧ್ಯಾಹ್ನದ ಮತ್ತು ರಾತ್ರಿಯ ಊಟಗಳನ್ನು ಅದಲುಬದಲು ಮಾಡಿ, ರಾತ್ರಿಯ ಊಟವನ್ನು ಏಳೂವರೆಗೆ ಮುಗಿಸುವಂತೆ ಹೇಳಲಾಯಿತು. ಔಷಧಿಗಳನ್ನಾಗಲಿ ಅವುಗಳ ಹೊತ್ತನ್ನಾಗಲಿ ಮುಟ್ಟಲಿಲ್ಲ. ಮಾತ್ರೆಗಳನ್ನು ರಾತ್ರಿಗೆ ಬದಲಾಯಿಸಬಾರದೇ ಎಂದು ರೋಗಿ ಕೇಳಿದ್ದರು. 21,104 ಜನರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಟೈಮ್’ ಪ್ರಯೋಗದಲ್ಲಿ ಬೆಳಗಿನ ಮತ್ತು ಸಂಜೆಯ ಸೇವನೆಯ ನಡುವೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಸಾವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬದಲಾಯಿಸಿದ್ದರೆ ಇಲ್ಲಿನ ಲೆಕ್ಕವೂ ಕಲಸಿಹೋಗುತ್ತಿತ್ತು.

ನಾಲ್ಕು ವಾರಗಳ ನಂತರ ಹಗಲಿನ ಸರಾಸರಿ 132/82, ರಾತ್ರಿಯದು 125/74, ಇಳಿತ 5.3 ಪ್ರತಿಶತ. ಮೂತ್ರದ ಒಟ್ಟು ಸೋಡಿಯಂ 172 ಮಿಲಿಮೋಲ್, ಅಂದರೆ ಸೇವನೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ರಾತ್ರಿಯ ಪಾಲು 69ಕ್ಕೆ, ಎಂದರೆ 40 ಪ್ರತಿಶತಕ್ಕೆ ಇಳಿದಿತ್ತು. ರೋಗಿ ರಾತ್ರಿ ಎರಡು ಬಾರಿ ಏಳುತ್ತಿದ್ದರು. ರಾತ್ರಿಯ ಒತ್ತಡದ ಮೇಲಿನ ಅಂಕಿಯಲ್ಲಾದ 4 ಅಂಕಗಳ ಇಳಿಕೆಯನ್ನು ಹೊತ್ತಿನ ಗೆಲುವೆಂದು ಬರೆದುಬಿಡುವ ಆಸೆಯಾಗುವುದು ಸಹಜ. ಆದರೆ ಒಬ್ಬನೇ ವ್ಯಕ್ತಿಯಲ್ಲಿ, ಏನನ್ನೂ ಬದಲಾಯಿಸದೆ, ಬೇರೆ ಬೇರೆ ದಿನ ಈ ಪರೀಕ್ಷೆ ಮಾಡಿದರೂ ರಾತ್ರಿಯ ಇಳಿತ ಒಂದೇ ರೀತಿ ಬರುವುದಿಲ್ಲ. ಒಂದು ದಿನದ ನಾನ್-ಡಿಪ್ಪರ್ ಇನ್ನೊಂದು ದಿನ ಡಿಪ್ಪರ್ ಆಗಬಹುದು. ನಾಲ್ಕು ಅಂಕಗಳು ಆ ಏರಿಳಿತದೊಳಗೇ ಇವೆ. ಒತ್ತಡಕ್ಕಿಂತ ಮೂತ್ರದ ಹಂಚಿಕೆಯಲ್ಲಾದ ಬದಲಾವಣೆಯೇ, ಅದೂ ಮೂರು ದಿನಗಳ ಸರಾಸರಿಯಾದ್ದರಿಂದ, ಸ್ವಲ್ಪ ಹೆಚ್ಚು ನಂಬಲರ್ಹ.

ಎರಡು ಗ್ರಾಮಿನ ಉತ್ತರ

ಆದರೂ ರಾತ್ರಿಯ 40 ಪ್ರತಿಶತ ವಿವರಣೆಗೆ ಒಗ್ಗುವಂತಿರಲಿಲ್ಲ. ದಿನಚರಿಯ ಪ್ರಕಾರ ರಾತ್ರಿ ಏಳೂವರೆಯ ನಂತರ ಉಪ್ಪೇ ಇಲ್ಲ. ಆಗ ಚಿಕಿತ್ಸಕರು ಊಟದ ಪ್ರಶ್ನೆ ಬಿಟ್ಟು, ‘ಮಲಗುವ ಮೊದಲು ಬಾಯಿಗೆ ಏನೇನು ಹೋಗುತ್ತದೆ?’ ಎಂದು ಕೇಳಿದರು. ‘ಏನೂ ಇಲ್ಲ, ಮಂಡಿನೋವಿಗೆ ಮಾತ್ರೆ ಕರಗಿಸಿದ ನೀರು ಕುಡಿಯುತ್ತೇನೆ’ ಎಂದರು. ಹತ್ತು ತಿಂಗಳಿಂದ ದಿನವೂ ಮಲಗುವ ಮೊದಲು, ನೀರಿನಲ್ಲಿ ಹಾಕಿದರೆ ನೊರೆಯುಕ್ಕಿ ಕರಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಎರಡು. ಅವರ ಮಟ್ಟಿಗೆ ಅದು ಆಹಾರವಲ್ಲ, ಹಾಗಾಗಿ ದಿನಚರಿಯಲ್ಲಿಲ್ಲ, ಬಿ.ಪಿ.ಯ ಔಷಧಿಯೂ ಅಲ್ಲ, ಹಾಗಾಗಿ ಔಷಧಿಗಳ ಪಟ್ಟಿಯಲ್ಲೂ ಇಲ್ಲ.

ಆ ನೊರೆ ಬರುವುದು ಸೋಡಿಯಂ ಬೈಕಾರ್ಬೊನೇಟಿನಂಥ ಲವಣಗಳು ಆಮ್ಲದೊಡನೆ ಸೇರಿದಾಗ. ಇಂಥ ಒಂದು ಮಾತ್ರೆಯಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಸೋಡಿಯಂ ಲೆಕ್ಕದಲ್ಲಿ 1 ಗ್ರಾಂ ಉಪ್ಪಿಗೆ ಸಮ. ಎರಡು ಮಾತ್ರೆಗೆ 2 ಗ್ರಾಂ. ದಿನಚರಿಯ 9ಕ್ಕೂ ಮೂತ್ರದ 11ಕ್ಕೂ ನಡುವಿನ ಅಂತರ ತುಂಬಿತು. ಮೊದಲಿನ 11 ಗ್ರಾಮಿನಲ್ಲಿ 7 ಗ್ರಾಂ, ಸುಮಾರು ಮೂರನೇ ಎರಡು ಪಾಲು, ರಾತ್ರಿ ಒಂಬತ್ತೂವರೆಯ ನಂತರವೇ ಒಳಹೋಗುತ್ತಿತ್ತು ಎಂದಾಯಿತು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಸುಮಾರು 12.9 ಲಕ್ಷ ರೋಗಿಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನ, ಹೀಗೆ ಸೋಡಿಯಂ ಇರುವ ಔಷಧಿಗಳನ್ನು ಸೇವಿಸುವವರಲ್ಲಿ ಅಧಿಕ ರಕ್ತದೊತ್ತಡ ಮತ್ತು ಪಾರ್ಶ್ವವಾಯು ಹೆಚ್ಚು ಎಂದು ಕಂಡಿತ್ತು.

ಎರಡನೇ ಹಂತದಲ್ಲಿ ಅದೇ ಪ್ರಮಾಣದ ಪ್ಯಾರಾಸಿಟಮಾಲ್ ಅನ್ನು ನುಂಗುವ ಸಾದಾ ಮಾತ್ರೆಯಾಗಿ ಕೊಡಲಾಯಿತು. ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡದ್ದಕ್ಕೆ ಕಾರಣವಿದೆ: ದಿನಕ್ಕೆ 4 ಗ್ರಾಂ ಪ್ಯಾರಾಸಿಟಮಾಲ್ ತಾನೇ ಒತ್ತಡವನ್ನು ಸುಮಾರು 5 ಅಂಕ ಏರಿಸುತ್ತದೆ ಎಂದು 2022ರ ಎಡಿನ್‌ಬರ್ಗ್ ಪ್ರಯೋಗವೊಂದು ತೋರಿಸಿದೆ. ಇಲ್ಲಿನ ಪ್ರಮಾಣ 1 ಗ್ರಾಂ ಮಾತ್ರವಾದರೂ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಜಾಣತನವಾಗುತ್ತಿರಲಿಲ್ಲ. ಆರು ವಾರಗಳ ನಂತರ ಮೂತ್ರದ ಒಟ್ಟು ಸೋಡಿಯಂ 138 ಮಿಲಿಮೋಲ್, ಅದರಲ್ಲಿ ರಾತ್ರಿಯದು 41, ಅಂದರೆ 30 ಪ್ರತಿಶತ. ಹಗಲಿನ ಒತ್ತಡ 129/80, ರಾತ್ರಿಯದು 116/69, ಇಳಿತ 10 ಪ್ರತಿಶತ. ರಾತ್ರಿ ಒಂದೇ ಬಾರಿ ಎಚ್ಚರ. ನಾಗಸಾಕಿಯ ಸಂಶೋಧಕರು 2017ರಲ್ಲಿ ಮಂಡಿಸಿದ ಅಧ್ಯಯನದಲ್ಲಿಯೂ ದಿನದ ಉಪ್ಪನ್ನು 10.7ರಿಂದ 8 ಗ್ರಾಮಿಗೆ ಇಳಿಸಿದವರು ರಾತ್ರಿ ಮೂತ್ರಕ್ಕೆ ಏಳುವುದು ಸರಾಸರಿ 2.3ರಿಂದ 1.4 ಬಾರಿಗೆ ಇಳಿದಿತ್ತು.

ಹೊತ್ತೋ ಪ್ರಮಾಣವೋ

ಇಲ್ಲಿ ತೀರ್ಪು ಕೊಡುವುದು ಕಷ್ಟ, ಮತ್ತು ಕಷ್ಟವೆಂದು ಒಪ್ಪಿಕೊಳ್ಳುವುದೇ ಸರಿ. ಎರಡನೇ ಹಂತದಲ್ಲಿ ಹೋದ 2 ಗ್ರಾಂ ಏಕಕಾಲಕ್ಕೆ ಮೂರು ಬಗೆಯ ಬದಲಾವಣೆ: ಒಟ್ಟು ಕಡಿಮೆಯಾಯಿತು, ಕಡಿಮೆಯಾದದ್ದು ಮಲಗುವ ಹೊತ್ತಿನದು, ಹೋದದ್ದು ಅಡುಗೆ ಉಪ್ಪಲ್ಲ, ಸೋಡಿಯಂನ ಬೇರೆ ಲವಣ. ಮೂರನೆಯದು ಸಣ್ಣ ಮಾತಲ್ಲ. ಉಪ್ಪಿನಿಂದ ಒತ್ತಡ ಏರುವ ರೋಗಿಗಳಿಗೆ ಕ್ಲೋರೈಡಿನ ಬದಲು ಸಿಟ್ರೇಟ್ ರೂಪದಲ್ಲಿ ಅಷ್ಟೇ ಸೋಡಿಯಂ ಕೊಟ್ಟಾಗ ಒತ್ತಡ ಏರಲಿಲ್ಲ ಎಂದು 1987ರ ಒಂದು ಸಣ್ಣ ಪ್ರಯೋಗ ತೋರಿಸಿತ್ತು. ಆ ಮಾತು ಇಲ್ಲಿಗೂ ಅನ್ವಯಿಸುವುದಾದರೆ ಮಾತ್ರೆಗಳನ್ನು ತೆಗೆದದ್ದರಿಂದ ಇಷ್ಟು ಲಾಭ ಬರಬಾರದಿತ್ತು. ಬಂದಿರುವುದನ್ನು ಹಲವು ವಾರಗಳ ಬೇಗನೆಯ ಊಟದ ಫಲವೆನ್ನಬಹುದು, ರಾತ್ರಿ ಎಚ್ಚರವಾಗುವುದು ತಪ್ಪಿ ನಿದ್ದೆ ಗಾಢವಾದುದರ ಫಲವೆನ್ನಬಹುದು. ನಿದ್ದೆ ಕೆಟ್ಟರೆ ರಾತ್ರಿಯ ಒತ್ತಡ ತಾನಾಗಿಯೇ ಏರುತ್ತದೆ. ಇವುಗಳನ್ನು ಬಿಡಿಸಿ ನೋಡಲು ಕ್ರಮವನ್ನು ತಿರುಗಿಸಿ, ನೊರೆಯ ಮಾತ್ರೆಗಳನ್ನು ಮತ್ತೆ ಕೊಟ್ಟು ಪರೀಕ್ಷಿಸಬೇಕಿತ್ತು. ಅಧಿಕ ರಕ್ತದೊತ್ತಡದ ರೋಗಿಗೆ ಬೇಡದ ಸೋಡಿಯಂ ಅನ್ನು ತಿಳಿದೂ ಕೊಡುವುದು ಚಿಕಿತ್ಸೆಯಾಗುವುದಿಲ್ಲವಾದ್ದರಿಂದ ಅದನ್ನು ಮಾಡಲಿಲ್ಲ.

ಪ್ರಮಾಣದ ಕಡೆಗಿರುವ ಪುರಾವೆಗೆ ಇಂಥ ತೊಡಕಿಲ್ಲ. 412 ಜನರಿಗೆ ಆಹಾರವನ್ನು ತಯಾರಿಸಿಯೇ ಕೊಟ್ಟು, ಮೂರು ಮಟ್ಟದ ಸೋಡಿಯಂ ಪರೀಕ್ಷಿಸಿದ 2001ರ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ ಮಟ್ಟ ಇಳಿದಂತೆಲ್ಲ ಒತ್ತಡ ಇಳಿಯಿತು. ಆದ್ದರಿಂದ ಈ ಲೇಖಕನ ನಿಲುವು ಹೀಗಿದೆ: ಬೆಳಿಗ್ಗೆ ತಿಂದರೆ ಉಪ್ಪು ನಿರಪಾಯ ಎಂದು ರೋಗಿಗೆ ಹೇಳುವಷ್ಟು ಆಧಾರ ಯಾರ ಬಳಿಯೂ ಇಲ್ಲ, ಆದರೆ ಉಪ್ಪು ಯಾವ ಹೊತ್ತಿಗೆ ಒಳಹೋಗುತ್ತದೆ ಮತ್ತು ಯಾವ ಹೊತ್ತಿಗೆ ಹೊರಬರುತ್ತದೆ ಎಂದು ಕೇಳುವುದು ಪ್ರಮಾಣದ ಲೆಕ್ಕದಲ್ಲಿ ತಪ್ಪಿಸಿಕೊಂಡದ್ದನ್ನು ಹಿಡಿದುಕೊಡುತ್ತದೆ. ಈ ಪ್ರಕರಣದಲ್ಲಿ ಮಾತ್ರೆಗಳನ್ನು ಹಿಡಿದುಕೊಟ್ಟದ್ದು ಒಟ್ಟು ಮೊತ್ತವಲ್ಲ, ರಾತ್ರಿಯ ಪಾತ್ರೆ.

ಮುಂದಿನ ಸ್ಥಿತಿ

ಮೂರನೇ ಹಂತದಲ್ಲಿ ಗುರಿಯಾದದ್ದು ಒಟ್ಟು ಪ್ರಮಾಣವೇ. ಸಂಸ್ಕರಿತ ಆಹಾರ ತಗ್ಗಿಸಿ, ಅಡುಗೆಯ ಉಪ್ಪನ್ನು ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸಿ, ಮೂರು ತಿಂಗಳಲ್ಲಿ ಮೂತ್ರದ ಸೋಡಿಯಂ 105 ಮಿಲಿಮೋಲ್‌ಗೆ, ಎಂದರೆ ಸುಮಾರು 6.1 ಗ್ರಾಂ ಉಪ್ಪಿಗೆ ಬಂತು. ಹಗಲಿನ ಒತ್ತಡ 124/77, ರಾತ್ರಿಯದು 110/65. ಹೊತ್ತು ಬದಲಿಸಿದಾಗ ಅಲುಗದಿದ್ದ ಹಗಲಿನ ಒತ್ತಡ ಪ್ರಮಾಣ ಇಳಿದಾಗ ಮಾತ್ರ ಇಳಿದದ್ದನ್ನು ಗಮನಿಸಬೇಕು. ಪೊಟ್ಯಾಸಿಯಂ ಬೆರೆಸಿದ ಪರ್ಯಾಯ ಉಪ್ಪನ್ನು ಬಳಸಬಹುದೇ ಎಂದು ರೋಗಿ ಕೇಳಿದರು. ಟೆಲ್ಮಿಸಾರ್ಟಾನ್ ರಕ್ತದ ಪೊಟ್ಯಾಸಿಯಂ ಏರಿಸಬಲ್ಲದಾದ್ದರಿಂದ ರಕ್ತಪರೀಕ್ಷೆಯ ಮೇಲ್ವಿಚಾರಣೆಯಿಲ್ಲದೆ ಬೇಡವೆಂದು ಹೇಳಲಾಯಿತು.

ಆ ಮೂರು ತಿಂಗಳ ನಡುವೆ ಒಂದು ವಾರ ಕೆಲಸದ ಒತ್ತಡದಿಂದ ಅವರ ಊಟ ಮತ್ತೆ ರಾತ್ರಿ ಹತ್ತಕ್ಕೆ ಸರಿದಿತ್ತು. ಆ ವಾರ ಸಂಗ್ರಹಿಸಿದ ಮೂತ್ರದಲ್ಲಿ ಒಟ್ಟು ಸೋಡಿಯಂ ಏರಿರಲಿಲ್ಲ, ರಾತ್ರಿಯ ಪಾಲು ಮಾತ್ರ 38 ಪ್ರತಿಶತ ಮುಟ್ಟಿತ್ತು, ಮತ್ತು ಅವರು ಎರಡು ಬಾರಿ ಏಳುತ್ತಿದ್ದರು. ತೋಳಿಗೆ ಯಂತ್ರ ಕಟ್ಟಿರಲಿಲ್ಲವಾದ್ದರಿಂದ ಆ ರಾತ್ರಿಗಳ ಒತ್ತಡದ ದಾಖಲೆ ಇಲ್ಲ.